ಹಕ್ಕಿ ನೋಡುವ ಹಕ್ಕು ಯಾರದು?

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂಬ ಗಾದೆಯನ್ನು ಬಡವರ ಬಾಯಿ ಮುಚ್ಚಿಸುವುದಕ್ಕೆ ಈ ನಾಡಿನಲ್ಲಿ ಎಷ್ಟು ಸಲ ಉಪಯೋಗಿಸಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ. ಗಿರಣಿಯ ಆಳು ವಾಚನಾಲಯ ಬೇಕೆಂದರೆ ಈ ಗಾದೆ. ಬೀಡಿ ಕಟ್ಟುವವಳ ಮಗಳು ಕಾಲೇಜಿಗೆ ಹೋಗುತ್ತೇನೆಂದರೆ ಈ ಗಾದೆ. ಸಾಹುಕಾರರ ಬಾಯಲ್ಲಿ ಅದು ಬಂದರೆ ಆಶ್ಚರ್ಯವಿಲ್ಲ. ಆದರೆ ಕೆಲಸಕ್ಕೆ ನಡೆದು ಹೋಗುವ ದಾರಿಯಲ್ಲಿ ಕಾಣುವ ಹಕ್ಕಿಗಳನ್ನು ನಾವು ಗುರುತಿಸಬೇಕು, ಲೆಕ್ಕ ಬರೆದಿಡಬೇಕು ಎಂಬ ಮಾತು ಬಂದಾಗ ನಮ್ಮ ಸಂಗಾತಿಗಳೇ ಆ ಗಾದೆ ಎತ್ತಿ ನಗುತ್ತಾರೆ. "ಮಾಸ್ತರೇ, ಗುಬ್ಬಿ ಎಣಿಸಿದರೆ ಬೋನಸ್ ಬರುತ್ತದೆಯೇ?" ಎಂದು ಕೇಳುತ್ತಾರೆ.

ಬರುವುದಿಲ್ಲ, ನಿಜ. ಆದರೆ ಆ ನಗೆಯ ಜೊತೆಗೇ ವಿಷಯವನ್ನು ಮುಗಿಸುವಂತಿಲ್ಲ. ಹಕ್ಕಿ ನೋಡಲು ಬೇಕಾದದ್ದು ಮೂರೇ: ಹಗಲು, ಮರ, ನಡೆಯಲು ದಾರಿ. ಈ ಮೂರನ್ನೂ ದುಡಿಯುವವರ ಕೈಯಿಂದ ಒಂದೊಂದಾಗಿ ಕಸಿಯುತ್ತಿದ್ದಾರೆ. ಕಸಿದ ಮೇಲೆ ಅದೇ ಮೂರನ್ನು ಕಾಸಿಗೆ ಮಾರುತ್ತಿದ್ದಾರೆ. ಆದ್ದರಿಂದಲೇ ಇದನ್ನು ಶೋಕಿಯೆಂದು ತಳ್ಳಿಹಾಕದೆ ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸಬೇಕು ಎಂದು ನಾನು ವಾದಿಸುತ್ತೇನೆ.

ದಾರಿಯಲ್ಲಿ ಏನಿದೆ?

ದಾವಣಗೆರೆಯನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಅವುಗಳ ಭೋಂಗಾ ನಿಂತಿತು. ಆದರೆ ಬೆಳಗ್ಗೆ ಬುತ್ತಿ ಹಿಡಿದು ನಡೆಯುವ ಜನ ನಿಂತಿಲ್ಲ. ಅಕ್ಕಿ ಗಿರಣಿಗೆ, ಮಂಡಕ್ಕಿ ಭಟ್ಟಿಗೆ, ಬಟ್ಟೆ ಹೊಲಿಯುವ ಕಾರ್ಖಾನೆಗೆ, ಮಂಡಿಪೇಟೆಯ ಅಂಗಡಿಗೆ ಇಂದಿಗೂ ಸಾವಿರಾರು ಜನ ಕಾಲ್ನಡಿಗೆಯಲ್ಲೇ ಹೋಗುತ್ತಾರೆ. ಮೋಟಾರಿನ ಗಾಜು ಏರಿಸಿಕೊಂಡು ಹೋಗುವವನಿಗೆ ಕಾಣದ್ದು ಇವರಿಗೆ ಕಾಣುತ್ತದೆ.

ಏನು ಕಾಣುತ್ತದೆ? ಬೆಳಕು ಹರಿಯುವಾಗ ಭದ್ರಾ ಕಾಲುವೆಯ ಗದ್ದೆಗಳ ಕಡೆಗೆ ಬೆಳ್ಳಕ್ಕಿಗಳ ಸಾಲು ಹಾರುತ್ತದೆ. ಅದೂ ಪಾಳಿಗೆ ಹೋಗುವ ಗುಂಪೇ. ಸಂಜೆ ಅದೇ ದಾರಿಯಲ್ಲಿ ಮರಳುತ್ತದೆ. ವಿದ್ಯುತ್ ತಂತಿಯ ಮೇಲೆ ಕವಲು ಬಾಲದ ಕಪ್ಪು ಕಾಜಾಣ ಕುಳಿತು ಹುಳ ಹಿಡಿಯುತ್ತದೆ. ಮಾಂಸದ ಮಾರುಕಟ್ಟೆಯ ಮೇಲೆ ಹದ್ದು ಸುತ್ತುತ್ತದೆ. ಅರಳಿ ಮರದಿಂದ ಕಂಚುಗಾರನ ಸುತ್ತಿಗೆಯಂತೆ ಟುಕ್ ಟುಕ್ ಸದ್ದು ಬಂದರೆ ಅದು ಕಂಚುಕುಟಿಗ. ಹಸಿರು ಮೈ, ಹಣೆಯ ಮೇಲೆ ಕುಂಕುಮವಿಟ್ಟಂತೆ ಕೆಂಪು, ಗುಬ್ಬಿಗಿಂತ ಸ್ವಲ್ಪವೇ ದೊಡ್ಡದು. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಹುಣಸೆ ಮರದ ಪೊಟರೆಯಿಂದ ಸಣ್ಣ ಗೂಬೆ ಕೂಗುವುದು ಕೇಳುತ್ತದೆ. ನಮ್ಮ ಜನ ಹಾಲಕ್ಕಿ ಎನ್ನುವುದು ಅದನ್ನೇ. ಅಪಶಕುನವೆಂದು ಅದಕ್ಕೆ ಕಲ್ಲೆಸೆಯುವವರು ಅದು ಇಲಿ ಮತ್ತು ಹುಳಗಳನ್ನು ತಿಂದು ನಮ್ಮ ಕಾಳು ಉಳಿಸುತ್ತದೆಂದು ತಿಳಿದುಕೊಳ್ಳಬೇಕು. ಚಳಿಗಾಲದಲ್ಲಿ ಜೋಳದ ಹೊಲಗಳ ಮೇಲೆ ಮೋಡದಂತೆ ಇಳಿಯುವ ಗುಲಾಬಿ ಮೈನಾಗಳು ಮಧ್ಯ ಏಷ್ಯಾದ ಕಡೆಯಿಂದ ಬಂದ ಅತಿಥಿಗಳು. ರಹದಾರಿ ಇಲ್ಲದೆ, ಟಿಕೆಟ್ ಇಲ್ಲದೆ ಬರುತ್ತವೆ.

ಇದನ್ನೆಲ್ಲ ನೋಡಲು ಒಂದು ಪೈಸೆ ಖರ್ಚಿಲ್ಲ. ಬೇಕಾದದ್ದು ಕಣ್ಣು, ಕಿವಿ, ಜೇಬಿನಲ್ಲಿ ಒಂದು ಮೋಟು ಪೆನ್ಸಿಲು.

ಸಾಹೇಬರ ಬಂದೂಕು

ಹಾಗಾದರೆ ಇದು ಸಾಹೇಬರ ಶೋಕಿ ಎಂಬ ಹೆಸರು ಎಲ್ಲಿಂದ ಬಂತು? ಹೆಸರು ಸುಮ್ಮನೆ ಬರಲಿಲ್ಲ. ಭಾರತದ ಪಕ್ಷಿಶಾಸ್ತ್ರದ ಪಿತಾಮಹನೆಂದು ಕರೆಸಿಕೊಂಡವನು ಅಲನ್ ಆಕ್ಟೇವಿಯನ್ ಹ್ಯೂಮ್. 1867ರಿಂದ 1870ರವರೆಗೆ ಇವನು ಒಳನಾಡಿನ ಸುಂಕದ ಕಮಿಷನರ್ ಆಗಿದ್ದ. ಉಪ್ಪಿನ ತೆರಿಗೆ ತಪ್ಪಿಸಿ ಬಡವರು ಒಂದು ಹಿಡಿ ಉಪ್ಪು ಸಾಗಿಸದಂತೆ ಉತ್ತರ ಭಾರತವನ್ನು ಸೀಳಿಕೊಂಡು ಸಾವಿರ ಮೈಲಿಗೂ ಮೀರಿ ಮುಳ್ಳುಬೇಲಿ ಬೆಳೆಸಿದ್ದ ಇಲಾಖೆ ಅದು. ಆ ಹುದ್ದೆಯಲ್ಲಿ ಸುತ್ತಾಡುತ್ತ ಹ್ಯೂಮ್ ಸಾಹೇಬ ಹಕ್ಕಿಗಳನ್ನು ಸಂಗ್ರಹಿಸಿದ. 1885ರಲ್ಲಿ ಸುಮಾರು 80 ಸಾವಿರ ಹಕ್ಕಿ ಚರ್ಮಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ. ಅದೇ ವರ್ಷ ಕಾಂಗ್ರೆಸ್ಸನ್ನೂ ಹುಟ್ಟುಹಾಕಿದ. ಮನುಷ್ಯ ಕೆಟ್ಟವನೆಂದು ನಾನು ಹೇಳುವುದಿಲ್ಲ. ಸರಕಾರದ ತಪ್ಪನ್ನು ಅದರ ಮುಖಕ್ಕೇ ಹೇಳಿದವನು. ಆದರೆ ಆ ಹಕ್ಕಿಗಳನ್ನು ಹುಡುಕಿಕೊಟ್ಟ, ಹೊತ್ತ, ಚರ್ಮ ಸುಲಿದ ನಮ್ಮ ಜನರಲ್ಲಿ ಎಷ್ಟು ಮಂದಿಯ ಹೆಸರು ಪುಸ್ತಕದಲ್ಲಿದೆ? ಶಿಮ್ಲಾದಲ್ಲಿ ಅವನ ಆಳೊಬ್ಬ ಅವನ ಬರಹದ ರಾಶಿಯನ್ನು ಬಜಾರಿನಲ್ಲಿ ರದ್ದಿಗೆ ಮಾರಿದನೆಂಬ ಕಥೆಯನ್ನು ಮಾತ್ರ ಎಲ್ಲರೂ ಬರೆಯುತ್ತಾರೆ. ಆ ಆಳಿಗೆ ಓದು ಕಲಿಸಿದ್ದರೆ ಮಾರುತ್ತಿದ್ದನೇ ಎಂದು ಯಾರೂ ಕೇಳುವುದಿಲ್ಲ.

ಈ ವಿದ್ಯೆಯನ್ನು ಬಂಗಲೆಯಿಂದ ಬೀದಿಗೆ ತಂದವರೂ ಇದ್ದಾರೆ. ಸಲೀಂ ಅಲಿಯವರಿಗೆ ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಸರಕಾರದ ಪ್ರಾಣಿಶಾಸ್ತ್ರ ಇಲಾಖೆ ಕೆಲಸ ಕೊಡಲಿಲ್ಲ. ಅದೇ ಪದವಿ ಇಲ್ಲದ ಮನುಷ್ಯ 1941ರಲ್ಲಿ ಬರೆದ ಭಾರತದ ಹಕ್ಕಿಗಳ ಪುಸ್ತಕ ದೇಶಕ್ಕೇ ಪಾಠವಾಯಿತು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಿದವರೂ ಅವರೇ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ನಮ್ಮ ಕನ್ನಡದಲ್ಲಿ, ಲೋಹಿಯಾ ವಿಚಾರದ ಸಮಾಜವಾದಿ ಯುವಜನರ ಜೊತೆ ಓಡಾಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕುಳಿತು "ಹಕ್ಕಿ ಪುಕ್ಕ" ಬರೆದರು. ಸಮಾಜವಾದಿಗೂ ಹಕ್ಕಿಗೂ ಏನು ಸಂಬಂಧವೆಂದು ಕೇಳುವವರು ಮೊದಲು ಆ ಪುಸ್ತಕ ತೆರೆದು ನೋಡಲಿ.

ಪಂಜರದ ಹಕ್ಕಿ, ಗಿರಣಿಯ ಎದೆ

ಹಕ್ಕಿಗೂ ಕೂಲಿಕಾರನಿಗೂ ಇರುವ ಸಂಬಂಧವನ್ನು ಜಗತ್ತಿಗೆ ತೋರಿಸಿದ್ದು ಇಂಗ್ಲೆಂಡಿನ ಕಲ್ಲಿದ್ದಲ ಗಣಿ. ಗಣಿಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ತುಂಬಿದರೆ ಮನುಷ್ಯನಿಗೆ ತಿಳಿಯುವ ಮೊದಲೇ ಪುಟ್ಟ ಕ್ಯಾನರಿ ಹಕ್ಕಿ ತಲೆಸುತ್ತಿ ಬೀಳುತ್ತದೆ. ಇದನ್ನು ಕಂಡುಕೊಂಡು, 1890ರ ದಶಕದಲ್ಲಿ ಗಣಿಗೆ ಹಕ್ಕಿಯನ್ನು ಜೊತೆಯಲ್ಲಿ ಒಯ್ಯಿರೆಂದು ಹೇಳಿದವರು ಜಾನ್ ಸ್ಕಾಟ್ ಹಾಲ್ಡೇನ್. 1986ರಲ್ಲಿ ಯಂತ್ರಗಳನ್ನು ತರಲು ನಿರ್ಧಾರವಾಗುವವರೆಗೂ ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳಿದ್ದವು. ಅವು ಉಳಿಸಿದ ಕೂಲಿಕಾರರ ಜೀವ ಎಷ್ಟೋ.

ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ ದೊಡ್ಡ ವಿಜ್ಞಾನಿ, ಸಮಾಜವಾದಿ. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, ಇಲ್ಲಿಯ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ದುಬಾರಿ ಯಂತ್ರಗಳಿಲ್ಲವೆಂದು ಭಾರತೀಯರು ಕೈಕಟ್ಟಿ ಕೂರಬೇಕಿಲ್ಲ, ಹಕ್ಕಿ ಗಿಡ ಹುಳಗಳನ್ನು ತಾಳ್ಮೆಯಿಂದ ನೋಡಿ ಎಣಿಸಿದರೆ ಅದೇ ವಿಜ್ಞಾನ ಎಂಬುದು ಅವರ ನಿಲುವು. ಅವರ ಸಂಗಡಿಗರು ಟಿಟ್ಟಿಭ ಹಕ್ಕಿ ಮೊಟ್ಟೆ ಕಾಯುವುದನ್ನು ಹಾಗೆಯೇ ಕುಳಿತು ಗಮನಿಸಿ ಬರೆದರು.

ಗಣಿಯಲ್ಲಿ ಕ್ಯಾನರಿ ಇತ್ತು. ನಮ್ಮ ಹತ್ತಿ ಗಿರಣಿಗಳಲ್ಲಿ ಯಾವ ಹಕ್ಕಿ ಇತ್ತು? ಹತ್ತಿಯ ಧೂಳು ವರ್ಷಗಟ್ಟಲೆ ಎದೆಗೆ ಇಳಿದು, ರಜೆ ಮುಗಿದ ಮರುದಿನ ಎದೆ ಬಿಗಿಯುವ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಸೋಮವಾರದ ಜ್ವರ ಎಂದು ಗಿರಣಿ ಜನ ಕರೆದದ್ದು ಇದನ್ನೇ. ಇಲ್ಲಿ ಎಚ್ಚರಿಕೆ ಕೊಡುವ ಹಕ್ಕಿಯ ಕೆಲಸವನ್ನೂ ಕೂಲಿಕಾರನೇ ಮಾಡಿದ. ಅವನು ಬಿದ್ದಾಗ ಮಾಲೀಕರು ಇನ್ನೊಬ್ಬನನ್ನು ತಂದರು.

ರಣಹದ್ದು ಹೋದದ್ದಕ್ಕೆ ತೆತ್ತವರು ಯಾರು?

"ಒಂದು ಹಕ್ಕಿ ಹೋದರೆ ನಮಗೇನು?" ಎನ್ನುವವರಿಗೆ ರಣಹದ್ದಿನ ಲೆಕ್ಕ ಹೇಳಬೇಕು. ಒಂದು ಕಾಲದಲ್ಲಿ ಊರ ಹೊರಗೆ ದನ ಸತ್ತು ಬಿದ್ದರೆ ರಣಹದ್ದುಗಳ ಹಿಂಡು ಇಳಿದು ಸ್ವಲ್ಪ ಹೊತ್ತಿನಲ್ಲೇ ಎಲುಬು ಮಾತ್ರ ಉಳಿಸುತ್ತಿತ್ತು. ಕೂಲಿಯಿಲ್ಲದ ಪೌರಕಾರ್ಮಿಕರು ಅವು. 1990ರ ದಶಕದಲ್ಲಿ ದನಗಳಿಗೆ ನೋವು ನಿವಾರಣೆಗೆ ಡೈಕ್ಲೊಫೆನಾಕ್ ಎಂಬ ಔಷಧಿ ಅಗ್ಗವಾಗಿ ಬಂತು. ಆ ಔಷಧಿ ಕೊಟ್ಟ ದನದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸತ್ತವು. ಬಿಳಿ ಬೆನ್ನಿನ ರಣಹದ್ದುಗಳಲ್ಲಿ 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಹೆಚ್ಚು ಇಲ್ಲವಾದವು. ಕಾರಣ ತಿಳಿದದ್ದು 2004ರಲ್ಲಿ. ದನಗಳಿಗೆ ಕೊಡುವುದನ್ನು ನಿಷೇಧಿಸಿದ್ದು 2006ರಲ್ಲಿ.

ಹೆಣಗಳು ಕೊಳೆತವು, ನೀರು ಕೆಟ್ಟಿತು, ಬೀದಿ ನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತ ಹೆಚ್ಚಿತು. ಇದರಿಂದ 2000ದಿಂದ 2005ರವರೆಗಿನ ವರ್ಷಗಳಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರೆಂದು ಅರ್ಥಶಾಸ್ತ್ರಜ್ಞರಿಬ್ಬರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜು ಮಾಡಿದೆ. ಐದು ಲಕ್ಷ! ಕೊಳೆತ ಹೆಣದ ಪಕ್ಕದ ಹಳ್ಳದ ನೀರು ಕುಡಿಯುವವರು ಯಾರು? ಬೆಳಗಿನ ಕತ್ತಲಲ್ಲಿ ನಾಯಿ ಹಿಂಡಿನ ನಡುವೆ ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೋಗುವವರು ಯಾರು? ಹಕ್ಕಿ ಹೋದಾಗ ಬೆಲೆ ತೆತ್ತವರು ನಮ್ಮಂಥವರೇ. ರಾಮನಗರದಲ್ಲಿ 2012ರಲ್ಲಿ ರಣಹದ್ದು ಧಾಮವನ್ನು ಘೋಷಿಸಿದರು. ಒಳ್ಳೆಯದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಮೊದಲು, ಹದ್ದು ಕಾಣುತ್ತಿಲ್ಲವೆಂದು ದಾರಿಹೋಕರು ಬರೆದಿಟ್ಟಿದ್ದರೆ, ಸರಕಾರ ಅವರ ಮಾತು ಕೇಳಿದ್ದರೆ, ಎಷ್ಟು ಮನೆಗಳು ಉಳಿಯುತ್ತಿದ್ದವು?

ಗುಬ್ಬಿ ಮತ್ತು ಕಿರಾಣಿ ಅಂಗಡಿ

ಇನ್ನು ಸಣ್ಣ ವ್ಯಾಪಾರಿಗಳಿಗೆ ಒಂದು ಮಾತು. ಗುಬ್ಬಿ ನಿಮ್ಮ ಅಂಗಡಿಯ ಹಳೆಯ ಗಿರಾಕಿ. ಗೋಣಿಚೀಲದ ಬಾಯಿ ಬಿಚ್ಚಿ ಸೇರಿನಲ್ಲಿ ಅಳೆದು ಕೊಡುವಾಗ ಚೆಲ್ಲಿದ ನುಚ್ಚು, ಹೆಂಚಿನ ಸಂದಿನಲ್ಲಿ ಗೂಡಿಗೆ ಜಾಗ, ಗೋಡೆಯ ಮೇಲಿನ ಪಟದ ಹಿಂದೆ ಸಂಸಾರ: ಅದರ ಬದುಕು ನಿಮ್ಮ ಕಸುಬಿಗೆ ಅಂಟಿಕೊಂಡದ್ದು. ಪ್ಲಾಸ್ಟಿಕ್ ಚೀಲದಲ್ಲಿ ಮೊಹರು ಮಾಡಿದ ಬೇಳೆ ಮಾರುವ ಗಾಜಿನ ಅಂಗಡಿಯಲ್ಲಿ ಒಂದು ಕಾಳೂ ಚೆಲ್ಲುವುದಿಲ್ಲ, ಗಾಜಿನ ಗೋಡೆಯಲ್ಲಿ ಒಂದು ಸಂದೂ ಇರುವುದಿಲ್ಲ. ಆ ಅಂಗಡಿ ಬಂದ ಬೀದಿಯಲ್ಲಿ ಗುಬ್ಬಿಗೆ ಎಡೆಯಿಲ್ಲ, ನಿಮಗೂ ಇಲ್ಲ. ನಿಮ್ಮಿಬ್ಬರ ಬೀದಿಯನ್ನೂ ನುಂಗುತ್ತಿರುವ ಬಾಯಿ ಒಂದೇ.

2020ರಲ್ಲಿ ಪ್ರಕಟವಾದ ದೇಶದ ಹಕ್ಕಿಗಳ ಸ್ಥಿತಿಗತಿಯ ವರದಿ ಏನು ಹೇಳಿತು? ಒಟ್ಟು ದೇಶದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಇಳಿದಿರುವುದು ಬೆಂಗಳೂರು, ಮುಂಬಯಿಯಂಥ ಆರು ಮಹಾನಗರಗಳಲ್ಲಿ. ಅಂದರೆ ಹಳ್ಳಿ ಮತ್ತು ನಮ್ಮಂಥ ಊರುಗಳು ಗುಬ್ಬಿಯನ್ನು ಇನ್ನೂ ಉಳಿಸಿಕೊಂಡಿವೆ. ನಮ್ಮ ಊರನ್ನೂ ಬೆಂಗಳೂರು ಮಾಡುತ್ತೇವೆಂದು ಭಾಷಣ ಬಿಗಿಯುವವರನ್ನು ಈ ಬಗ್ಗೆ ಕೇಳಬೇಕು. ವರ್ಷಕ್ಕೊಮ್ಮೆ ಮಾರ್ಚ್ 20ರಂದು ಗುಬ್ಬಿ ದಿನಾಚರಣೆ ಮಾಡಿ, ಮೊಬೈಲ್ ಗೋಪುರವನ್ನು ಬಯ್ದು, ಮರದ ಪೆಟ್ಟಿಗೆ ಹಂಚಿ ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಗೋಪುರದಿಂದಲೇ ಗುಬ್ಬಿ ಹೋಯಿತೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಗುಬ್ಬಿ ತಾನು ಕಾಳು ತಿಂದರೂ ಮರಿಗೆ ಹುಳ ತಿನ್ನಿಸುತ್ತದೆ. ಬೇಲಿ ಪೊದೆ ಕಿತ್ತು ನೆಲಕ್ಕೆಲ್ಲ ಸಿಮೆಂಟ್ ಬಳಿದರೆ ಹುಳ ಎಲ್ಲಿಂದ ಬರಬೇಕು? ಸಿಮೆಂಟ್ ಬಳಿಸಿದ ಗುತ್ತಿಗೆದಾರನೇ ಪೆಟ್ಟಿಗೆ ಹಂಚುವ ಸಭೆಯ ವೇದಿಕೆ ಮೇಲೆ ಕುಳಿತಿರುತ್ತಾನೆ.

ಹಗಲು ಕದ್ದವರು

ಈಗ ಮುಖ್ಯ ವಿಷಯಕ್ಕೆ ಬರೋಣ. ದಾವಣಗೆರೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ಸೂರ್ಯ ಹುಟ್ಟಿ ಮುಳುಗುವವರೆಗೆ ಇರುವ ಹಗಲು ಸುಮಾರು 11 ಗಂಟೆ 15 ನಿಮಿಷ. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ, ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ತೆರೆಯಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 145ಕ್ಕೆ ಏರಿಸಿತು. ಲೆಕ್ಕ ಮಾಡಿ ನೋಡಿ: 12 ಗಂಟೆ ಕೆಲಸ, ಹೋಗಲು ಬರಲು ಒಂದೊಂದು ಗಂಟೆ. ಸೂರ್ಯನೇ ಅಷ್ಟು ಹೊತ್ತು ದುಡಿಯುವುದಿಲ್ಲ! ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವ ಹೆಣ್ಣುಮಗಳಿಗೆ ಬೆಳ್ಳಕ್ಕಿಯೂ ಇಲ್ಲ, ಎಚ್ಚರವಿರುವ ಮಗುವಿನ ಮುಖವೂ ಇಲ್ಲ.

ಉಳಿದ ದಿನ ರಜೆ ಕೊಡುತ್ತೇವಲ್ಲ ಎನ್ನುತ್ತಾರೆ. ನಾಲ್ಕು ದಿನ ಗಾಣಕ್ಕೆ ಕಟ್ಟಿದ ಎತ್ತು ಐದನೆಯ ದಿನ ಮಲಗುತ್ತದೆ, ಮೇಯುವುದಿಲ್ಲ. 1886ರಲ್ಲಿ ಚಿಕಾಗೋದ ಕೂಲಿಕಾರರು ಎಂಟು ಗಂಟೆಯ ದಿನಕ್ಕಾಗಿ ರಕ್ತ ಚೆಲ್ಲಿದ್ದು, ಎಂಟು ಗಂಟೆ ದುಡಿದು, ಎಂಟು ಗಂಟೆ ಮಲಗಿ, ಉಳಿದ ಎಂಟು ಗಂಟೆಗೆ ತಾವೇ ಯಜಮಾನರಾಗುವುದಕ್ಕೆ. ಆ ಎಂಟು ಗಂಟೆಯಲ್ಲಿ ಒಂದಿಷ್ಟು ಹಗಲು ಇರಬೇಕು. ದಾರಿಯಲ್ಲಿ ನಿಂತು ಕಂಚುಕುಟಿಗನ ಸದ್ದು ಎಲ್ಲಿಂದ ಬರುತ್ತದೆಂದು ತಲೆ ಎತ್ತಿ ನೋಡಲು ಸಿಗುವ ಎರಡು ನಿಮಿಷವೇ ಎಂಟು ಗಂಟೆಯ ದಿನದ ಅಳತೆಗೋಲು. ಆ ಎರಡು ನಿಮಿಷವಿಲ್ಲದ ದುಡಿಮೆಗೆ ಜೀತವೆಂದು ಹೆಸರು.

ಮರ, ಕೆರೆ, ಬೇಲಿ

ಹಗಲು ಉಳಿದರೂ ಮರ ಉಳಿಯಬೇಕಲ್ಲ. ರಸ್ತೆ ಅಗಲ ಮಾಡುವಾಗ ಮೊದಲು ಉರುಳುವುದು ಕಾಲುದಾರಿಯ ಹುಣಸೆ, ಬೇವು, ಅರಳಿ. ಅಗಲವಾದ ರಸ್ತೆ ಮೋಟಾರಿಗೆ. ನಡೆಯುವವನಿಗೆ ಚರಂಡಿಯ ಕಲ್ಲುಚಪ್ಪಡಿ. ಬದಲಿಗೆ ಹತ್ತು ಸಸಿ ನೆಟ್ಟೆವೆನ್ನುತ್ತಾರೆ. ಕಂಚುಕುಟಿಗ ಗೂಡು ಕೊರೆಯುವುದು ಹಳೆಯ ಮರದ ಒಣ ಕೊಂಬೆಯಲ್ಲಿ, ಹಾಲಕ್ಕಿ ಇರುವುದು ಹಳೆಯ ಪೊಟರೆಯಲ್ಲಿ. ಸಸಿಯಲ್ಲಿ ಪೊಟರೆ ಆಗಲು ಎಷ್ಟು ಆಯುಸ್ಸು ಬೇಕು?

ಕೆರೆಗಳ ಕಥೆಯೂ ಅಷ್ಟೇ. ನಮ್ಮ ಕುಂದವಾಡ ಕೆರೆಯಂಥವು ಊರಿಗೆ ಕುಡಿಯುವ ನೀರು ಕೊಡುತ್ತವೆ, ನೀರುಕಾಗೆ ಬಕಗಳಿಗೆ ಮೀನು ಕೊಡುತ್ತವೆ, ಬೆಳಗ್ಗೆ ಏರಿಯ ಮೇಲೆ ನಡೆಯುವವರಿಗೆ ಗಾಳಿ ಕೊಡುತ್ತವೆ. ನಾಡಿನ ಹಲವು ಊರುಗಳಲ್ಲಿ ಸೌಂದರ್ಯೀಕರಣವೆಂಬ ಹೆಸರಿನಲ್ಲಿ ದಡದ ಜೊಂಡು ಕಿತ್ತು, ಕಲ್ಲು ಕಟ್ಟಿ, ರಾತ್ರಿಯೆಲ್ಲ ಉರಿಯುವ ದೀಪ ಹಾಕಿ, ಗೇಟಿನಲ್ಲಿ ಟಿಕೆಟ್ ಹರಿಯಲು ಒಬ್ಬನನ್ನು ಕೂರಿಸಿದ್ದಾರೆ. ಹಕ್ಕಿ ಹೋಗುತ್ತದೆ, ಹಕ್ಕಿಯ ಸಿಮೆಂಟ್ ಬೊಂಬೆ ಉಳಿಯುತ್ತದೆ.

ಇದನ್ನು ಎದುರಿಸುವುದು ಹೇಗೆಂದು ನಿಜವಾದ ಮ್ಯಾಂಚೆಸ್ಟರಿನ ಕೂಲಿಕಾರರು ತೋರಿಸಿದ್ದಾರೆ. ಅವರ ಊರಿನ ಹತ್ತಿರ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಅಲ್ಲಿ ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿಯನ್ನು ಶ್ರೀಮಂತರು ಬೇಟೆಯಾಡುವುದಕ್ಕಾಗಿ ಬೆಟ್ಟವನ್ನೇ ಮುಚ್ಚಿ, ಕಾವಲುಗಾರರನ್ನಿಟ್ಟಿದ್ದರು. ವಾರವೆಲ್ಲ ಹೊಗೆ ಕುಡಿದ ಜನಕ್ಕೆ ಭಾನುವಾರವೂ ಬೆಟ್ಟ ಹತ್ತುವಂತಿಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಯುವಕನ ಮುಂದಾಳತನದಲ್ಲಿ ನೂರಾರು ಜನ ಕಾನೂನು ಮುರಿದು ಬೆಟ್ಟ ಹತ್ತಿದರು. ಐದು ಜನ ಸೆರೆಮನೆಗೆ ಹೋದರು. ಅಂಥ ಹೋರಾಟಗಳ ಫಲವಾಗಿ 1949ರಲ್ಲಿ ಅಲ್ಲಿಯ ಲೇಬರ್ ಸರಕಾರ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ತಂದಿತು. ಅದು ಸತ್ಯಾಗ್ರಹವೇ. 1951ರಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗೆ ಇಳಿದದ್ದನ್ನು ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಿಲ್ಲ.

ಸಂಗಾತಿಗಳಿಗೆ ಉತ್ತರ

ಕ್ರಾಂತಿಕಾರಿಗೆ ಹಕ್ಕಿಯ ಚಿಂತೆ ಸಲ್ಲದು ಎನ್ನುವವರು ರೋಸಾ ಲಕ್ಸೆಂಬರ್ಗಳನ್ನು ನೆನೆಯಲಿ. ಯುದ್ಧವನ್ನು ವಿರೋಧಿಸಿ ಜರ್ಮನಿಯ ಸೆರೆಮನೆಯಲ್ಲಿದ್ದಾಗ, 1917ರ ಮೇ ತಿಂಗಳಲ್ಲಿ ಗೆಳತಿ ಸೋಫಿ ಲೀಬ್‌ನೆಕ್ಟ್‌ಗೆ ಆಕೆ ಬರೆದ ಪತ್ರವಿದೆ. ಹಾಡುಹಕ್ಕಿಗಳು ಕಡಿಮೆಯಾಗುತ್ತಿವೆ, ಲಾಭದ ಲೆಕ್ಕದ ಕಾಡು, ತೋಟ, ಬೇಸಾಯಗಳು ಪೊಟರೆಯ ಮರ, ಪೊದೆ, ಬೀಳು ನೆಲಗಳನ್ನು ತೆಗೆದುಹಾಕುತ್ತಿವೆ ಎಂದು ಓದಿ ಆಕೆ ಮರುಗಿದ್ದಾಳೆ. ತಮ್ಮ ನೆಲದಿಂದ ದಬ್ಬಿಸಿಕೊಂಡ ಅಮೆರಿಕದ ಮೂಲನಿವಾಸಿಗಳನ್ನು ಅಲ್ಲಿಯೇ ನೆನೆದಿದ್ದಾಳೆ. ಎರಡು ವರ್ಷದೊಳಗೆ, 1919ರ ಜನವರಿಯಲ್ಲಿ, ಆಕೆಯನ್ನು ಕೊಂದರು. ಆಕೆಯ ಕ್ರಾಂತಿಯಲ್ಲಿ ಏನು ಕೊರತೆ ಇತ್ತು?

ಹಕ್ಕಿಯನ್ನು ಕಡೆಗಣಿಸಿದ ಸಮಾಜವಾದ ಏನಾಯಿತೆಂಬುದಕ್ಕೂ ಉದಾಹರಣೆಯಿದೆ. 1958ರಲ್ಲಿ ಚೀನಾ ಸರಕಾರ ಗುಬ್ಬಿಗಳು ಕಾಳು ತಿನ್ನುತ್ತವೆಂದು ಜನರನ್ನೇ ಕಟ್ಟಿಕೊಂಡು ಅವುಗಳ ಮೇಲೆ ಯುದ್ಧ ಸಾರಿತು. ತಮಟೆ ಬಡಿದು, ಕೂರಗೊಡದೆ, ದಣಿಸಿ ಕೊಂದರು. ಗುಬ್ಬಿ ಹುಳವನ್ನೂ ತಿನ್ನುತ್ತದೆಂದು ಅಲ್ಲಿಯ ವಿಜ್ಞಾನಿಗಳು ಹೊಟ್ಟೆ ಸೀಳಿ ತೋರಿಸಿದ ಮೇಲೆ, 1960ರಲ್ಲಿ ಶತ್ರುಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು. ಅಷ್ಟರಲ್ಲಿ ಹುಳ ಬೆಳೆ ತಿಂದಿತ್ತು, ಕ್ಷಾಮ ದೇಶವನ್ನು ಹಿಡಿದಿತ್ತು. ಕೆಂಪು ಬಾವುಟ ಹಾರಿಸಿದ ಮಾತ್ರಕ್ಕೆ ಅಧಿಕಾರಕ್ಕೆ ಕಣ್ಣು ಬರುವುದಿಲ್ಲ. ಕಣ್ಣು ಇರಬೇಕಾದದ್ದು ಜನಕ್ಕೆ; ಆ ಕಣ್ಣು ಕಂಡದ್ದನ್ನು ಹೇಳುವ ಬಾಯಿಯೂ ಇರಬೇಕು.

ಮಾಡಬೇಕಾದದ್ದು

ಒಂದು: ಎಂಟು ಗಂಟೆಯ ದಿನದಲ್ಲಿ ರಾಜಿಯಿಲ್ಲ. ಯಾವ ಹೆಸರಿನ ಕಾನೂನು ಬಂದರೂ ಹಗಲನ್ನು ನುಂಗುವ ಪಾಳಿಗೆ ಸಂಘಗಳು ಒಪ್ಪಿಗೆ ಕೊಡಕೂಡದು.

ಎರಡು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ನಗರದಲ್ಲಿ ಮರ ಕಡಿಯಲು ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಡಲಿ ಹಿಡಿದು ಬಂದವನನ್ನು ಅನುಮತಿ ಪತ್ರ ತೋರಿಸೆಂದು ಕೇಳುವುದು ಪ್ರತಿ ಬೀದಿಯವರ ಕರ್ತವ್ಯ.

ಮೂರು: ಕೆರೆ ಏರಿಗೆ ಟಿಕೆಟ್ ಕೂಡದು. ದಡದ ಒಂದು ಪಕ್ಕದಲ್ಲಾದರೂ ಜೊಂಡು, ಪೊದೆ, ಕತ್ತಲೆ ಉಳಿಯಬೇಕು.

ನಾಲ್ಕು: ಸಂಘದ ವಾಚನಾಲಯಗಳಲ್ಲಿ ಕನ್ನಡದ ಹಕ್ಕಿ ಪುಸ್ತಕವೊಂದು ಇರಬೇಕು. ಶಾಲೆಯ ಪಟದಲ್ಲಿ ಪೆಂಗ್ವಿನ್ ತೋರಿಸಿ ಹೆಸರು ಹೇಳಿಸುವ ಮೇಷ್ಟರು, ಕಿಟಕಿಯ ಹೊರಗಿನ ಪಿಕಳಾರದ ಹೆಸರನ್ನೂ ಕೇಳಲಿ.

ಐದು: 2023ರ ಹಕ್ಕಿ ವರದಿಗೆ ದೇಶದ ಸುಮಾರು 30 ಸಾವಿರ ಹಕ್ಕಿ ವೀಕ್ಷಕರು ಲೆಕ್ಕ ಒದಗಿಸಿದ್ದರು. ಅವರಲ್ಲಿ ಬುತ್ತಿ ಹಿಡಿದು ನಡೆಯುವವರೂ ಇರಬೇಕು. ಓದುಗರು ವಾರಕ್ಕೊಮ್ಮೆ ಒಂದು ಅಂಚೆ ಕಾರ್ಡಿನಲ್ಲಿ ತಾರೀಖು, ಹೊತ್ತು, ಬೀದಿ, ಮರ, ಹಕ್ಕಿ, ಎಷ್ಟು ಎಂದು ಬರೆದು ಈ ಪತ್ರಿಕೆಗೆ ಕಳಿಸಿ. ಹೆಸರು ತಿಳಿಯದಿದ್ದರೆ ಬಣ್ಣ, ಗಾತ್ರ, ಕೂಗು ಬರೆಯಿರಿ. ಅದನ್ನು ಅಚ್ಚು ಹಾಕುವ ಜವಾಬ್ದಾರಿ ನಮ್ಮದು. ನಾಳೆ ಯಾವನೋ ಗುತ್ತಿಗೆದಾರ "ಈ ಮರದಲ್ಲಿ ಏನೂ ಇರಲಿಲ್ಲ" ಎಂದು ಅಧಿಕಾರಿಗಳ ಮುಂದೆ ಹೇಳಿದಾಗ, ಆ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲೆ ಇಡೋಣ.